ಪಟ್ಟೆ ತೆಗೆಯುವ ಕೆಲಸ

ರಸ್ತೆಗೆ ಬಿಳಿ ಪಟ್ಟೆ ಹೊಡೆಯುವವರನ್ನು ಎಲ್ಲರೂ ನೋಡಿರುತ್ತಾರೆ. ಹೊಡೆದ ಪಟ್ಟೆಯನ್ನು ತೆಗೆಯುವವರನ್ನು ಗಮನಿಸಿದವರು ಕಡಿಮೆ. ನಾನು ಎರಡೂ ಕೆಲಸ ಮಾಡಿದವನು. ಹೊಡೆಯುವುದಕ್ಕಿಂತ ತೆಗೆಯುವುದೇ ಕಷ್ಟ, ತೆಗೆಯುವುದರಲ್ಲೇ ಜವಾಬ್ದಾರಿ ಹೆಚ್ಚು ಎಂಬುದು ವಯಸ್ಸಾದ ಮೇಲೆ ಇನ್ನೂ ಗಟ್ಟಿಯಾಗಿ ಅನ್ನಿಸುತ್ತಿದೆ.

ನಮ್ಮೂರಿನ ಹೆಸರು ಹದಿನಾರು. ತಾಲ್ಲೂಕು ನಂಜನಗೂಡು. ಆದರೆ ನಂಜುಂಡೇಶ್ವರನ ತೇರಿಗೆ ಹೋದಷ್ಟೇ ಸಲೀಸಾಗಿ ನರಸೀಪುರದ ಸಂಗಮಕ್ಕೂ ಹೋಗಿಬರುವವರು ನಾವು. ಯದುರಾಯ, ಕೃಷ್ಣರಾಯರು ಬಂದು ಮೈಸೂರು ಅರಸರ ವಂಶ ಶುರುವಾಯಿತು ಎನ್ನುವ ಕಥೆಯಲ್ಲಿ ನಮ್ಮೂರಿನ ಹೆಸರಿದೆ. ಈಗ ಚಳಿಗಾಲದಲ್ಲಿ ಕೆರೆಗೆ ಬಂದಿಳಿಯುವ ಪಟ್ಟೆತಲೆ ಹೆಬ್ಬಾತುಗಳಿಂದಾಗಿ ಕ್ಯಾಮೆರಾ ಹಿಡಿದವರಿಗೂ ಊರು ಪರಿಚಯವಾಗಿದೆ. ಈ ಸುತ್ತಿನ ರಸ್ತೆಗಳೇ ನನಗೆ ಅನ್ನ ಕೊಟ್ಟವು.

ನಾನು ಹುಡುಗನಾಗಿದ್ದಾಗ ರಸ್ತೆಯ ಮೈಮೇಲೆ ಬಣ್ಣ ಎನ್ನುವುದೇ ಇರಲಿಲ್ಲ. ಬಹುಪಾಲು ಜಲ್ಲಿ, ಗ್ರಾವೆಲ್ಲಿನ ರಸ್ತೆ. ಟಾರು ಕಂಡ ಕಡೆಯೂ ಅಂಚಿನಲ್ಲಿ ಮಣ್ಣು. ಬಣ್ಣ ಅಂದರೆ ಸಾಲುಮರಗಳ ಬುಡಕ್ಕೆ, ಮೈಲಿಗಲ್ಲಿಗೆ, ತಿರುವಿನಲ್ಲಿ ನಿಲ್ಲಿಸಿದ ಕಲ್ಲುಗಳಿಗೆ ಬಳಿಯುವ ಸುಣ್ಣ ಅಷ್ಟೆ. ಜಾತ್ರೆಗೆ ಮುಂಚೆ ರಸ್ತೆ ಗ್ಯಾಂಗಿನವರು ಬಕೆಟ್ಟಿನಲ್ಲಿ ಸುಣ್ಣ ಕಲಸಿಕೊಂಡು ಬರುತ್ತಿದ್ದರು. ಮುಂಗಾರು ಮುಗಿಯುವ ಹೊತ್ತಿಗೆ ಅದೆಲ್ಲ ತೊಳೆದುಹೋಗಿರುತ್ತಿತ್ತು, ಮರುವರ್ಷ ಮತ್ತೆ ಬಳಿಯುತ್ತಿದ್ದರು. ತೆಗೆಯುವ ಮಾತೇ ಹುಟ್ಟುತ್ತಿರಲಿಲ್ಲ.

ಆಮೇಲೆ ಎಣ್ಣೆ ಬಣ್ಣ ಬಂತು. ಇಬ್ಬರು ಎರಡು ತುದಿಯಲ್ಲಿ ಹಗ್ಗ ಎಳೆದು ಹಿಡಿಯುವುದು, ಒಬ್ಬ ಸೀಮೆಸುಣ್ಣದಲ್ಲಿ ಗುರುತು ಹಾಕುವುದು, ಹಿಂದಿನಿಂದ ಬ್ರಷ್ಷಿನವನು ಕುಕ್ಕುರುಗಾಲಲ್ಲಿ ಕೂತು ಮುಂದೆ ಸರಿಯುವುದು. ‘ನಿಧಾನ’, ‘ಶಾಲೆ ಇದೆ’ ಎಂದು ಬರೆಯಲು ತಗಡಿನಲ್ಲಿ ಕತ್ತರಿಸಿದ ಅಚ್ಚು ಇರುತ್ತಿತ್ತು. ಕಬ್ಬು ಹೊತ್ತ ಗಾಡಿಗಳ ಕಬ್ಬಿಣದ ಪಟ್ಟಿಯ ಚಕ್ರಗಳು, ಲಾರಿ ಟಯರು, ಬಿಸಿಲು ಸೇರಿ ಆ ಬಣ್ಣವನ್ನು ಬೇಗ ಸವೆಸುತ್ತಿದ್ದವು. ಸವೆಯಲಿ ಎಂದು ಕಾಯಲು ಆಗದ ಕೆಲಸಗಳೂ ಬರತೊಡಗಿದಾಗ ನಾವು ‘ತೆಗೆಯುವುದು’ ಕಲಿಯಬೇಕಾಯಿತು. ಶಾಲೆಯ ಗೇಟು ಇನ್ನೊಂದು ಕಡೆಗೆ ಹೋಯಿತು, ಜೀಬ್ರಾ ಪಟ್ಟೆ ಇಲ್ಲೇ ಉಳಿಯಿತು. ಮಕ್ಕಳು ಹೊಸ ಗೇಟಿನಿಂದ ಹೊರಬಂದರೆ ಬಸ್ಸಿನವನು ಹಳೆಯ ಪಟ್ಟೆಯ ಹತ್ತಿರ ಬ್ರೇಕ್ ಹಾಕುತ್ತಿದ್ದ.

ಮೊದಲು ಕೈಗೆ ಸಿಕ್ಕಿದ್ದು ಸೀಮೆಎಣ್ಣೆ, ತಂತಿ ಬ್ರಷ್ಷು. ಬಣ್ಣವೇನೋ ಕರಗಿತು, ಅದರ ಜೊತೆಗೆ ರಸ್ತೆಯೂ ಕರಗಿತು. ಟಾರು ಪೆಟ್ರೋಲಿಯಂನಿಂದಲೇ ಬಂದದ್ದು. ಸೀಮೆಎಣ್ಣೆ, ಡೀಸೆಲ್, ಟರ್ಪೆಂಟೈನ್ ಯಾವುದು ಬಿದ್ದರೂ ಅದು ಸಡಿಲವಾಗುತ್ತದೆ. ಜಲ್ಲಿಯನ್ನು ಹಿಡಿದುಕೊಂಡಿದ್ದ ಅಂಟು ಹೋದ ಮೇಲೆ ಕಲ್ಲು ಒಂದೊಂದಾಗಿ ಎದ್ದು ಬರುತ್ತದೆ. ಪಟ್ಟೆ ಇದ್ದ ಜಾಗದಲ್ಲಿ, ಪಟ್ಟೆಯಷ್ಟೇ ಅಗಲದ ಗುಂಡಿ ಮಳೆಗಾಲಕ್ಕೆ ಸಿದ್ಧವಾಗಿರುತ್ತಿತ್ತು. ಇವತ್ತಿಗೂ ಯಾರಾದರೂ ಟಾರು ರಸ್ತೆಯ ಬಣ್ಣಕ್ಕೆ ಥಿನ್ನರ್ ಸುರಿಯಲು ಹೊರಟರೆ ನಾನು ಅಡ್ಡ ಹೋಗಿ ನಿಲ್ಲುತ್ತೇನೆ.

ಆಮೇಲೆ ಬೆಂಕಿ. ಬ್ಲೋ ಲ್ಯಾಂಪು, ಮುಂದೆ ಗ್ಯಾಸ್ ಸಿಲಿಂಡರಿನ ಟಾರ್ಚು. ಜ್ವಾಲೆ ಹಾಯಿಸಿದರೆ ಬಣ್ಣ ಗುಳ್ಳೆ ಎದ್ದು ಕಪ್ಪಾಗುತ್ತದೆ, ಆ ಕ್ಷಣದಲ್ಲೇ ಕರಣೆಯಿಂದ ಕೆರೆಯಬೇಕು. ಜ್ವಾಲೆ ಒಂದೇ ಕಡೆ ನಿಂತರೆ ಟಾರು ಬೆವರಿ ಹರಿಯುತ್ತದೆ, ಸುಟ್ಟ ಟಾರಿಗೆ ಆಮೇಲೆ ಹಿಡಿತವಿರುವುದಿಲ್ಲ. ಕೈ ಪಳಗಿದವರು ಅದನ್ನು ಹದವಾಗಿ ಮಾಡುತ್ತಿದ್ದರು, ಅವರ ಕೆಲಸ ನೋಡುವುದೇ ಒಂದು ಪಾಠ. ಆದರೆ ಆ ಹೊಗೆ! ಹಿಂದಿನ ಹಳದಿ ರಸ್ತೆ ಬಣ್ಣಗಳಲ್ಲಿ ಸೀಸದ ಕ್ರೋಮೇಟ್ ಸಾಮಾನ್ಯವಾಗಿತ್ತು ಎಂದು ನಾನು ತಿಳಿದದ್ದು ಬಹಳ ತಡವಾಗಿ. ಟವಲನ್ನೇ ಮೂಗಿಗೆ ಸುತ್ತಿಕೊಂಡು ನಾವು ಅದನ್ನು ಉಸಿರಾಡಿದೆವು. ನಮಗೆ ಮಾಸ್ಕು ಕೊಡಬೇಕೆಂದು ಯಾರಿಗೂ ತೋಚಲಿಲ್ಲ.

ನಮ್ಮ ಕಸುಬನ್ನು ಪೂರಾ ಬದಲಿಸಿದ್ದು ಥರ್ಮೋಪ್ಲಾಸ್ಟಿಕ್. ರಾಳ, ಬಿಳಿಗೆ ಟೈಟಾನಿಯಂ ಡೈಆಕ್ಸೈಡ್, ಸುಣ್ಣಕಲ್ಲಿನ ಪುಡಿ, ಸಣ್ಣ ಗಾಜಿನ ಮಣಿ ಎಲ್ಲ ಬೆರೆತ ಪುಡಿ ಚೀಲದಲ್ಲಿ ಬರುತ್ತದೆ. ಅದನ್ನು ಕೊಪ್ಪರಿಗೆಯಲ್ಲಿ ಸುಮಾರು 200 ಡಿಗ್ರಿಗೆ ಕಾಯಿಸಿದರೆ ರಾಗಿ ಅಂಬಲಿಯ ಹದಕ್ಕೆ ಬರುತ್ತದೆ. ತಳ್ಳುಗಾಡಿಯಿಂದ ಎಳೆದರೆ ಎರಡೂವರೆ ಮಿಲಿಮೀಟರ್ ದಪ್ಪಕ್ಕೆ ಕೂರುತ್ತದೆ, ಮೇಲೆ ಮತ್ತಷ್ಟು ಗಾಜಿನ ಮಣಿ ಉದುರಿಸುತ್ತಾರೆ. ಕೆಲವೇ ನಿಮಿಷಕ್ಕೆ ಗಾಡಿ ಬಿಡಬಹುದು. ರಾತ್ರಿ ಹೆಡ್‌ಲೈಟಿನ ಬೆಳಕನ್ನು ಆ ಮಣಿಗಳು ನೇರ ಡ್ರೈವರಿನ ಕಣ್ಣಿಗೇ ಹಿಂತಿರುಗಿಸುತ್ತವೆ. ಆಗ 212 ಅಂತಿದ್ದ, ಈಗ 766 ಆಗಿರುವ ಹೆದ್ದಾರಿ ಮೈಸೂರಿನಿಂದ ನಂಜನಗೂಡಿನವರೆಗೆ ಅಗಲವಾದ ಮೇಲೆ ಇಂಥ ಪಟ್ಟೆಯ ಬೆಲೆ ನಮಗೆಲ್ಲ ಗೊತ್ತಾಯಿತು. ರಾತ್ರಿ ಗುಂಡ್ಲುಪೇಟೆ ಕಡೆಯಿಂದ ತರಕಾರಿ ತರುವ ಲಾರಿಯವರಿಗೆ ಅದೇ ಕಣ್ಣು.

ಅಷ್ಟು ಗಟ್ಟಿಯಾಗಿ ಕೂತದ್ದನ್ನು ಏಳಿಸುವುದು ಹೇಗೆ? ಮೊದಮೊದಲು ಉಳಿ, ಸುತ್ತಿಗೆ. ಬೆಳಗಿನ ಚಳಿಯಲ್ಲಿ ಅದು ಬಿರುಸಾಗಿದ್ದು ಚಕ್ಕೆ ಚಕ್ಕೆಯಾಗಿ ಹಾರುತ್ತದೆ. ಹೊತ್ತೇರಿದ ಮೇಲೆ ಅಂಟಾಗಿ ಉಳಿಗೇ ಮೆತ್ತಿಕೊಳ್ಳುತ್ತದೆ. ಹಾಗಾಗಿ ನಾವು ನಸುಕಿನಲ್ಲೇ ಶುರುಮಾಡಿ ಬಿಸಿಲು ಬರುವ ಹೊತ್ತಿಗೆ ನಿಲ್ಲಿಸುತ್ತಿದ್ದೆವು. ಮುಂದೆ ಹಲ್ಲಿನ ಉರುಳೆ ತಿರುಗುವ ಗ್ರೈಂಡಿಂಗ್ ಮಷಿನ್ ಬಂತು. ಕೆಲಸ ಬೇಗ ಆಯಿತು, ಆದರೆ ಅದು ಪಟ್ಟೆಯ ಜೊತೆ ರಸ್ತೆಯ ಚರ್ಮವನ್ನೂ ಸುಲಿಯುತ್ತದೆ. ಬಾಣದ ಗುರುತಿದ್ದ ಕಡೆ ಬಾಣದ ಆಕಾರದಲ್ಲೇ ಉಜ್ಜಿದರೆ, ಬಣ್ಣ ಹೋದರೂ ಬಾಣ ಹೋಗುವುದಿಲ್ಲ. ತಗ್ಗಿನಲ್ಲಿ ನೀರು ನಿಂತಾಗ, ಸಂಜೆಯ ಓರೆ ಬಿಸಿಲು ಬಿದ್ದಾಗ ಅದು ಎದ್ದು ಕಾಣುತ್ತದೆ. ಬಾಣವನ್ನು ಒಳಗಿಟ್ಟುಕೊಂಡು ಇಡೀ ಒಂದು ಚೌಕವನ್ನು ಸಮನಾಗಿ ಉಜ್ಜಬೇಕು, ಅಂಚುಗಳನ್ನು ತೆಳುವಾಗಿ ಇಳಿಸಬೇಕು. ಇದನ್ನು ನಮಗೆ ಹೇಳಿಕೊಟ್ಟವನು ತಮಿಳುನಾಡಿನಿಂದ ಬಂದಿದ್ದ ಒಬ್ಬ ಆಪರೇಟರು. ಅವನ ಕೈಯಲ್ಲಿ ಮಷಿನ್ ಹೋದ ದಾರಿಯಲ್ಲಿ ಹಳೆಯ ಗುರುತು ಯಾವ ಬೆಳಕಿಗೂ ಸಿಗುತ್ತಿರಲಿಲ್ಲ.

ಇಷ್ಟೆಲ್ಲ ಕಷ್ಟ ಬೇಡವೆಂದು ಹುಡುಕಿಕೊಂಡ ಅಡ್ಡದಾರಿ ಕಪ್ಪು ಬಣ್ಣ. ಬೇಡದ ಪಟ್ಟೆಯ ಮೇಲೆ ಕಪ್ಪು ಬಳಿದು ಬಿಲ್ ಮಾಡುವುದು. ನನ್ನ ಮನಸ್ಸಿಗೆ ಬಹಳ ನೋವು ಕೊಟ್ಟದ್ದು ಇದೇ. ಹಗಲು ನೋಡಿದರೆ ರಸ್ತೆ ಚೊಕ್ಕಟ. ಆದರೆ ಬಿಸಿಲಿಗೆ ಹಳೆಯ ಟಾರು ಬೂದಿ ಬಣ್ಣಕ್ಕೆ ತಿರುಗಿರುತ್ತದೆ, ಬಳಿದ ಕಪ್ಪು ಮಾತ್ರ ಕಡುಗಪ್ಪಾಗಿ ಉದ್ದಕ್ಕೂ ಕಾಣುತ್ತದೆ. ಮಳೆಯ ರಾತ್ರಿ ಅದು ಇನ್ನೂ ಕೆಟ್ಟದ್ದು: ನುಣುಪಾದ ಆ ಪದರ ಒದ್ದೆಯಾದಾಗ ದೀಪಕ್ಕೆ ಮಿಂಚುತ್ತದೆ, ಬಿಳಿ ಯಾವುದು ಕಪ್ಪು ಯಾವುದು ಎಂದು ಕಣ್ಣಿಗೆ ತಿಳಿಯುವುದಿಲ್ಲ. ಕೆಲವು ತಿಂಗಳಿಗೆ ಕಪ್ಪು ಸವೆದು ಒಳಗಿನ ಬಿಳಿ ಮತ್ತೆ ಮುಖ ತೋರಿಸುತ್ತದೆ. ನಮ್ಮ ಕಡೆಯ ಒಂದು ತಿರುವಿನಲ್ಲಿ ರಸ್ತೆ ಸರಿಸಿದ ಮೇಲೆ ಹಳೆಯ ನಡುಪಟ್ಟೆಯನ್ನು ಹೀಗೇ ಮುಚ್ಚಿದ್ದರು. ಸೋನೆ ಮಳೆಯಲ್ಲಿ ಬೈಕಿನಲ್ಲಿ ಬರುತ್ತಿದ್ದ ಊರಿನ ಹುಡುಗ ಆ ಮಿಂಚಿದ ಗೆರೆಯನ್ನೇ ನಂಬಿ ನೇರ ಗದ್ದೆಗೆ ಇಳಿದ. ಕಾಲು ಮುರಿಯಿತು, ಜೀವ ಉಳಿಯಿತು. ಮರುದಿನ ಹೋಗಿ ನೋಡಿದೆ: ಟಯರಿನ ಗುರುತು ಹಳೆಯ ಪಟ್ಟೆಯ ಮೇಲೆ ಅಷ್ಟು ದೂರ ತಪ್ಪದೆ ಸಾಗಿತ್ತು. ಅಮೆರಿಕದ ರಸ್ತೆ ಸಂಜ್ಞೆಗಳ ಕೈಪಿಡಿಯಲ್ಲಿ, ಪಟ್ಟೆಯ ಮೇಲೆ ಬಣ್ಣ ಬಳಿದು ಮುಚ್ಚಿದರೆ ಅದನ್ನು ತೆಗೆದಂತೆ ಎಣಿಸುವುದಿಲ್ಲ ಎಂದು ಸ್ಪಷ್ಟವಾಗಿದೆಯಂತೆ. ಒಬ್ಬ ಎಂಜಿನಿಯರು ಇದನ್ನು ಹೇಳಿದಾಗ ನನ್ನ ಅನುಭವಕ್ಕೆ ಸಾಕ್ಷಿ ಸಿಕ್ಕಂತಾಯಿತು.

ಹೆದ್ದಾರಿಯ ಮಾತು ಇದಾದರೆ ಊರೊಳಗಿನ ಸಿಮೆಂಟ್ ರಸ್ತೆಗಳದು ಬೇರೆ. ಸಿಮೆಂಟಿನ ಸಣ್ಣ ರಂಧ್ರಗಳಿಗೆ ಬಣ್ಣ ಇಳಿದುಬಿಡುತ್ತದೆ. ಚುನಾವಣೆ ಘೋಷಣೆಯಾದರೆ ಸರ್ಕಾರಿ ಕಟ್ಟಡಗಳ ಮೇಲಿನ ಪಕ್ಷದ ಬರಹ 24 ಗಂಟೆಯೊಳಗೆ, ಸಾರ್ವಜನಿಕ ಜಾಗದ್ದು 48 ಗಂಟೆಯೊಳಗೆ ಹೋಗಬೇಕು. ಗೋಡೆಗೆ ಸುಣ್ಣ ಬಳಿದರೆ ಮುಗಿಯಿತು, ರಸ್ತೆಯ ಮೇಲೆ ಬರೆದ ಪಕ್ಷದ ಚಿಹ್ನೆಗೆ ಏನು ಮಾಡುವುದು? ಅದರ ಮೇಲೂ ಸುಣ್ಣ ಎರಚಿ ಕೈತೊಳೆದುಕೊಂಡ ಕಡೆ ಮಳೆ ಬಂದೊಡನೆ ಚಿಹ್ನೆ ಹೊರಬಂತು. 2020ರಲ್ಲಿ ಇದೇ ಪಾಡು ಇನ್ನೊಂದು ರೂಪದಲ್ಲಿ ಬಂತು. ಮಾರ್ಚ್ ಕೊನೆಗೆ ನಂಜನಗೂಡಿನ ಒಂದು ಔಷಧ ಕಾರ್ಖಾನೆಯ ನೌಕರರಲ್ಲಿ ಕೊರೊನಾ ಕಾಣಿಸಿಕೊಂಡು ಇಡೀ ತಾಲ್ಲೂಕು ನಡುಗಿತು. ರೇಷನ್ ಅಂಗಡಿ, ಹಾಲಿನ ಡೇರಿ, ಬ್ಯಾಂಕಿನ ಮುಂದೆಲ್ಲ ಜನ ದೂರ ನಿಲ್ಲಲೆಂದು ವೃತ್ತ ಬರೆದರು. ಸುಣ್ಣದಲ್ಲಿ ಬರೆದ ಕಡೆ ಎರಡು ಮಳೆಗೆ ಹೋಯಿತು. ಅವಸರಕ್ಕೆ ಎನಾಮಲ್ ಬಣ್ಣದಲ್ಲಿ ಬರೆದ ಕಡೆ ಕಾಯಿಲೆ ಕಡಿಮೆಯಾಗಿ ಎಷ್ಟೋ ದಿನದ ಮೇಲೂ ಆ ಸುತ್ತುಗಳು ಉಳಿದಿದ್ದವು, ನೋಡಿದಾಗಲೆಲ್ಲ ಹೋದವರ ನೆನಪು ಬರುತ್ತಿತ್ತು. ಕೆಲವನ್ನು ನಾನೇ ಕೈ ಗ್ರೈಂಡರು ಹಿಡಿದು, ನೀರು ಚಿಮುಕಿಸಿಕೊಂಡು ತೆಗೆದೆ. ದುಡ್ಡು ಕೇಳಲು ಮನಸ್ಸು ಬರಲಿಲ್ಲ.

ತಾತ್ಕಾಲಿಕ ಗುರುತಿಗೆ ಸುಣ್ಣಕ್ಕಿಂತ ಒಳ್ಳೆಯದು ನನಗೆ ಕಂಡಿಲ್ಲ. ಸುತ್ತೂರು ಜಾತ್ರೆಗೆ, ನರಸೀಪುರದ ಕುಂಭಮೇಳಕ್ಕೆ ಬಸ್ಸು ನಿಲ್ಲುವ ಜಾಗ, ಜನರ ಸಾಲು ಗುರುತಿಸಲು ಸುಣ್ಣದ ಪುಡಿ ಸಾಕು. ನಾಲ್ಕು ದಿನದ ಗುರುತಿಗೆ ನಾಲ್ಕು ವರ್ಷ ಉಳಿಯುವ ಬಣ್ಣ ಯಾಕೆ?

ಕಸುಬಿನ ಕಡೆಯ ದಿನಗಳಲ್ಲಿ ಬೆಂಗಳೂರಿನ ಕೆಲಸವೊಂದರಲ್ಲಿ ನೀರಿನ ಮಷಿನ್ ನೋಡಿದೆ. ಎರಡು ಸಾವಿರ ಬಾರ್‌ಗಿಂತ ಹೆಚ್ಚಿನ ಒತ್ತಡದಲ್ಲಿ ಸೂಜಿಯಷ್ಟು ಸಣ್ಣ ತೂತುಗಳಿಂದ ನೀರು ನುಗ್ಗಿ ಪಟ್ಟೆಯನ್ನು ಕಿತ್ತುಹಾಕುತ್ತದೆ. ಅದರ ಹಿಂದಿರುವ ಕೊಳವೆಯೊಂದು ನೀರು, ಬಣ್ಣದ ಚೂರು ಎರಡನ್ನೂ ಹೀರಿಕೊಳ್ಳುತ್ತದೆ. ವಿಮಾನದ ರನ್‌ವೇಗೆ ಮೆತ್ತಿದ ಟಯರಿನ ರಬ್ಬರನ್ನೂ ಇದರಿಂದಲೇ ತೆಗೆಯುತ್ತಾರೆ. ಬೆಂಕಿಯಿಲ್ಲ, ಧೂಳಿಲ್ಲ. ಹಳೆಯ ಸಡಿಲ ಟಾರಾದರೆ ಮಾತ್ರ ಹುಷಾರಾಗಿರಬೇಕು, ಜಲ್ಲಿಯನ್ನೂ ಕಿತ್ತುಬಿಡುತ್ತದೆ. ನಾವು ಬಳಸಿದ ಬೇರೆ ಯಾವ ವಿಧಾನಕ್ಕೂ ಇಲ್ಲದ ಗುಣ ಅದರಲ್ಲಿ ನನಗೆ ಕಂಡದ್ದು ಆ ಹೀರುವ ಕೊಳವೆ. ನಾವು ಉಜ್ಜಿದ ಪ್ಲಾಸ್ಟಿಕ್ ಪುಡಿ, ಗಾಜಿನ ಮಣಿ ಎಲ್ಲ ಗಾಳಿಗೆ, ಚರಂಡಿಗೆ ಹೋಗುತ್ತಿದ್ದವು. ನಮ್ಮ ಕಡೆ ಚರಂಡಿಯ ನೀರು ಕೊನೆಗೆ ಸೇರುವುದು ಗದ್ದೆಗೆ, ಕೆರೆಗೆ. ಹಿಮಾಲಯ ದಾಟಿ ಬರುವ ಹೆಬ್ಬಾತು ಮೇಯುವುದು ಆ ಕೆರೆಯ ಅಂಚಿನಲ್ಲೇ.

ಅಂಥ ಮಷಿನ್ ಎಲ್ಲ ಪಂಚಾಯಿತಿಗೂ ಬರಲಿ ಎಂದು ನಾನು ಕೇಳುತ್ತಿಲ್ಲ. ಹೊಸ ಪಟ್ಟೆಗೆ ಚದರ ಮೀಟರಿಗೆ ಇಷ್ಟು ಎಂದು ದರ ಬರೆಯುವ ಎಂಜಿನಿಯರುಗಳು ಹಳೆಯದನ್ನು ತೆಗೆಯುವುದಕ್ಕೂ ಒಂದು ದರ ಬರೆಯಲಿ. ಉಜ್ಜುವವನಿಗೆ ಮಾಸ್ಕು, ಕನ್ನಡಕ ಕೊಡಲಿ, ಪುಡಿಯನ್ನು ಗುಡಿಸಿ ಚೀಲಕ್ಕೆ ತುಂಬಿಸಲಿ. ತಿರುವಿನಲ್ಲಿ, ಶಾಲೆಯ ಮುಂದೆ ಪೂರ್ತಿ ತೆಗೆಯಲಾಗದಿದ್ದರೆ ರಸ್ತೆಯ ಅಷ್ಟಗಲಕ್ಕೂ ತೆಳು ಟಾರು ಪದರ ಹಾಕಲಿ. ನಿಮ್ಮ ಊರಿನ ರಸ್ತೆಯಲ್ಲಿ ಕಪ್ಪು ಬಳಿದು ಮುಚ್ಚಿದ ಪಟ್ಟೆ ಕಂಡರೆ ಸುಮ್ಮನೆ ದಾಟಿ ಹೋಗಬೇಡಿ. ಮಳೆಗಾಲಕ್ಕೆ ಮುಂಚೆ ಒಂದು ಅರ್ಜಿ ಬರೆದುಕೊಡಿ.