ಹಕೀಮನ ಪುಡಿ

ಒಸಡಿನ ಆಪರೇಷನ್ ಮುಗಿಸಿಕೊಂಡು, ಮರಗಟ್ಟಿದ ತುಟಿ ಹೊತ್ತು ಕೂತಿದ್ದೆ. ಮಗಳ ವಯಸ್ಸಿನ ಡಾಕ್ಟರು ಚೀಟಿ ಬರೆಯುತ್ತ, “ಹೊಲಿಗೆ ಹಾಕಿರೋ ಕಡೆ ಬ್ರಷ್ ಮುಟ್ಟಿಸ್ಬೇಡಿ ಅಂಕಲ್. ಪುಡಿಗಿಡಿ ಅಂತೂ ಬೇಡವೇ ಬೇಡ” ಎಂದರು. ಆಮೇಲೆ ಏನೇನು ಹೇಳಿದರೋ, ನನ್ನ ಕಿವಿ ಪುಡಿಯಲ್ಲೇ ನಿಂತುಬಿಟ್ಟಿತ್ತು.

ನಮ್ಮ ಮನೆಯಲ್ಲಿ ಪುಡಿ ಎಂದರೆ ಎರಡೇ. ಅಡುಗೆಮನೆಯಲ್ಲಿ ಸಾರಿನ ಪುಡಿ, ಬಚ್ಚಲಲ್ಲಿ ನಂಜನಗೂಡು ಹಲ್ಲುಪುಡಿ. 1913ರಲ್ಲಿ ಬಿ.ವಿ. ಪಂಡಿತರು ಸದ್ವೈದ್ಯಶಾಲೆ ತೆರೆದ ಊರಿಂದ ಬಂದ ಆ ಕಾಗದದ ಪೊಟ್ಟಣಕ್ಕೆ ಬಚ್ಚಲ ಗೋಡೆಯ ಗೂಡೇ ಜಾಗ. ಎಡ ಅಂಗೈಗೆ ಒಂದು ಚಿಟಿಕೆ, ಬಲಗೈ ತೋರುಬೆರಳು. ತಮ್ಮ ಉಜ್ಜಿದ್ದಕ್ಕಿಂತ ನೆಕ್ಕಿದ್ದೇ ಹೆಚ್ಚು. ಉಗಿದರೆ ಬಚ್ಚಲ ಕಲ್ಲೆಲ್ಲ ಗುಲಾಬಿ. ಅದಕ್ಕೇ ಇರಬೇಕು, ನಲವತ್ತೈದು ದಾಟಿದ ಮೇಲೆ ಬಿಳಿ ಪೇಸ್ಟಿನ ನೊರೆ ಒಂದು ಬೆಳಿಗ್ಗೆ ಗುಲಾಬಿಯಾದಾಗ ನನಗೆ ಗಾಬರಿಯಾಗಲಿಲ್ಲ, ಬಾಲ್ಯ ನೆನಪಾಯಿತು. ನೆನಪಿಸಿಕೊಳ್ಳುತ್ತಲೇ ನಾಲ್ಕು ವರ್ಷ ಕಳೆದೆ. ಅದು ರಕ್ತ ಎಂದು ಒಪ್ಪುವ ಹೊತ್ತಿಗೆ ಒಸಡು ಹಲ್ಲುಗಳ ಕೈಬಿಟ್ಟಾಗಿತ್ತು.

ಡಾಕ್ಟರು ಇನ್‌ಫೆಕ್ಷನ್ ಎಂದರು. ಅಜ್ಜಿ ಇದ್ದಿದ್ದರೆ ನಂಜು ಅನ್ನುತ್ತಿದ್ದಳು. ಅವಳಿಗೆ ಮುಳ್ಳು ಚುಚ್ಚಿದರೂ ನಂಜು, ಗಾಯವಿದ್ದಾಗ ಬದನೆಕಾಯಿ ತಿಂದರೂ ನಂಜು. ಆ ನಂಜನ್ನೇ ಉಂಡವನು ನಂಜನಗೂಡಿನ ಶಿವ, ನಂಜುಂಡ. ಟಿಪ್ಪುವಿನ ಆನೆಗೆ ಕಣ್ಣು ವಾಸಿಯಾಗಿ, ಸುಲ್ತಾನ ಪಚ್ಚೆಲಿಂಗ ಕೊಟ್ಟು ‘ಹಕೀಂ ನಂಜುಂಡ’ ಎಂದು ಕರೆದ ಕತೆಯನ್ನು ಅಜ್ಜಿ ಎಷ್ಟು ಸಲ ಹೇಳಿದ್ದಳೆಂದರೆ, ಹಲ್ಲುಪುಡಿಯನ್ನೂ ಆ ಹಕೀಮನೇ ಕುಟ್ಟಿ ಪೊಟ್ಟಣ ಕಟ್ಟುತ್ತಾನೆಂದು ನಂಬಿದ್ದೆ. ಪಂಡಿತರು ಕ್ಷಮಿಸಬೇಕು, ಆ ನಂಬಿಕೆ ಈಗಲೂ ಪೂರ್ತಿ ಹೋಗಿಲ್ಲ.

ಇನ್ನೊಬ್ಬ ಹಕೀಮ ಡೆನ್ಮಾರ್ಕಿನ ಆರ್ಹುಸ್‌ನಲ್ಲಿದ್ದ, ಹೆರಾಲ್ಡ್ ಲೋ. 12 ಜನರಿಗೆ ಹಲ್ಲುಜ್ಜಲೇಬೇಡಿ ಎಂದ. ಮೂರು ವಾರದೊಳಗೆ ಎಲ್ಲರ ಒಸಡೂ ಕೆಟ್ಟಿತು. ಮತ್ತೆ ಉಜ್ಜತೊಡಗಿದ ಮೇಲೆ ಒಂದು ವಾರಕ್ಕೆಲ್ಲ ಸರಿಹೋಯಿತು. ಇದು ಪ್ರಕಟವಾದದ್ದು 1965ರಲ್ಲಿ. ನನ್ನ ತಮ್ಮನನ್ನು ಕೇಳಿದ್ದರೆ ಬಿಟ್ಟಿಯಾಗಿ ಬರುತ್ತಿದ್ದ. 1970ರಲ್ಲಿ ಲೋ ಮತ್ತೊಬ್ಬರ ಜೊತೆ ಸೇರಿ, ಬ್ರಷ್ ಮುಟ್ಟದೆ 0.2% ಕ್ಲೋರ್‌ಹೆಕ್ಸಿಡಿನ್‌ನಲ್ಲಿ ದಿನಕ್ಕೆರಡು ಸಲ ಬಾಯಿ ಮುಕ್ಕಳಿಸಿದರೂ ಹಲ್ಲಿನ ಮೇಲೆ ಕೊಳೆ ಕೂರದೆಂದು ತೋರಿಸಿದ.

ನನ್ನ ಚೀಟಿಯಲ್ಲಿದ್ದದ್ದೂ ಅದೇ, ಸಲಕ್ಕೆ 10 ಎಂ.ಎಲ್. ಚರ್ಮಕ್ಕಿಂತ ಬಾಯಿಯ ಗಾಯ ಬೇಗ ಕೂಡುತ್ತದಂತೆ, ಕಲೆಯೂ ಅಷ್ಟಾಗಿ ಉಳಿಯದಂತೆ. ಅಲ್ಲಿಯವರೆಗೆ ನಂಜು ಹತ್ತಿರ ಸುಳಿಯಬಾರದು, ಅಷ್ಟೇ. ಆದರೆ ಈ ಔಷಧಿ ನಾಲಿಗೆಯಿಂದ ಉಪ್ಪನ್ನೇ ಕದಿಯುತ್ತದೆ. ಮೂರನೇ ದಿನ “ಸಾರಿಗೆ ಉಪ್ಪಿಲ್ಲ” ಎಂದೆ. ಹೆಂಡತಿ ಅಂಗೈಗೆ ಬಿಟ್ಟುಕೊಂಡು ರುಚಿ ನೋಡಿ, “ಸಾರಲ್ಲಿದೆ, ನಿಮ್ಮಲ್ಲಿಲ್ಲ” ಎಂದಳು. ಕಾಫಿ ಬಿಡದ ತಪ್ಪಿಗೆ ಹಲ್ಲೂ ಕಂದಿತು.

ಮುಕ್ಕಳಿಸುವಾಗ ಬಚ್ಚಲ ಬಾಗಿಲಲ್ಲಿ ಅವಳದ್ದೇ ಕಾವಲು. “ನುಂಗ್ಬಿಟ್ಟೀರಿ ರೀ!” ಕೈಲಾಸದಲ್ಲೂ ಪಾರ್ವತಿ ಕುತ್ತಿಗೆ ಹಿಡಿಯುವ ಮುಂಚೆ ಹೀಗೇ ಕೂಗಿರಬೇಕು. ಬಾಯಿ ತುಂಬಿದ್ದರಿಂದ ನಾನು ಉತ್ತರ ಕೊಡಲಾರೆ. ಅದು ಗೊತ್ತಿದ್ದೇ ಅವಳು ಕರೆಂಟ್ ಬಿಲ್ಲಿನ ವಿಷಯವನ್ನೂ ಆಗಲೇ ತೆಗೆಯುತ್ತಾಳೆ.

ಉಗಿದೆ. ಬೇಸಿನ್ನೆಲ್ಲ ಗುಲಾಬಿ.

“ಅಯ್ಯೋ, ರಕ್ತಾನಾ? ಔಷಧೀನಾ?” ಅವಳು ಬಗ್ಗಿ ನೋಡಿದಳು.

“ಹಲ್ಲುಪುಡಿ” ಎಂದೆ.