ಕಾಲಿಗೆ ಕೈಯ ಆಸರೆ: ಚನ್ನಪಟ್ಟಣದ ನಡೆಬಂಡಿಯಿಂದ ರಾಮದೇವರ ಬೆಟ್ಟಕ್ಕೆ

ಬೆಂಗಳೂರು-ಮೈಸೂರು ಹಳೆಯ ಹೆದ್ದಾರಿಯಲ್ಲಿ ಚನ್ನಪಟ್ಟಣ ಹತ್ತಿರವಾದಂತೆ ಬೊಂಬೆ ಅಂಗಡಿಗಳ ಸಾಲು ಕಣ್ಣಿಗೆ ಬೀಳುತ್ತದೆ. 2023ರಲ್ಲಿ ಉದ್ಘಾಟನೆಯಾದ ಎಕ್ಸ್‌ಪ್ರೆಸ್ ರಸ್ತೆ ಊರನ್ನು ಬಳಸಿ ಹೋಗುವುದರಿಂದ ಈಗ ಬೇಕೆಂದೇ ಹಳೆಯ ದಾರಿ ಹಿಡಿಯಬೇಕು. ಹಿಡಿದವರಿಗೆ ನಷ್ಟವೇನಿಲ್ಲ. ಬುಗುರಿ, ಗಿಲಕಿಗಳ ನಡುವೆ ಮೂರು ಗಾಲಿಯ ನಡೆಬಂಡಿ ನಿಂತಿರುತ್ತದೆ. ಅಜ್ಜಿಯ ಸೆರಗು ಬಿಟ್ಟ ಕೂಸು ಇದನ್ನು ತಳ್ಳುತ್ತಲೇ ಹೆಜ್ಜೆ ಕಲಿಯುವುದು.

ಆಟಿಕೆಯೆಂದು ಕಡೆಗಣಿಸುವಂತಿಲ್ಲ. ಹಿಡಿ ಹೆಚ್ಚು ಎತ್ತರವಾಗಿದ್ದು ಕೂಸು ಜೋರಾಗಿ ನೂಕಿದರೆ ಬಂಡಿ ಮುಂಗಾಲಿಯ ಮೇಲೆ ಮುಗ್ಗರಿಸುತ್ತದೆ. ಹಿಡಿಗೆ ಜೋತುಬಿದ್ದರೆ ಹಿಂದಕ್ಕೆ ಮಗುಚುತ್ತದೆ. ಕೈಯ ಬಲ ಎಷ್ಟು ಎಂಬುದರ ಜೊತೆಗೆ ಅದು ಯಾವ ಎತ್ತರದಲ್ಲಿ, ಯಾವ ದಿಕ್ಕಿಗೆ ಬೀಳುತ್ತದೆ ಎಂಬುದೂ ಮುಖ್ಯ. ಆಸ್ಪತ್ರೆಯಲ್ಲಿ ಅಜ್ಜನಿಗೆ ಕೊಡುವ ವಾಕರಿಗೂ ಇದೇ ಲೆಕ್ಕ.

ಈ ಲೆಕ್ಕ ಕುಶಲಕರ್ಮಿಯ ಕೈಯಲ್ಲೂ ಇದೆ. ಲೇತಿನಲ್ಲಿ ಆಲೆ ಮರವನ್ನು ತಿರುಗಿಸಿ ಉಳಿ ಒತ್ತುವ ಆ ತೋಳನ್ನೇ ನೋಡಿ. ಮೊಣಕೈ ಬಾಗಿಸುವ ಸ್ನಾಯು ಕೀಲಿನಿಂದ ಸುಮಾರು 4 ಸೆಂ.ಮೀ. ದೂರದಲ್ಲಿ ಮೂಳೆಗೆ ಅಂಟಿಕೊಂಡಿದೆ. ಅಂಗೈ ಇರುವುದು ಸುಮಾರು 32 ಸೆಂ.ಮೀ. ಆಚೆ. ಅಂಗೈಯಲ್ಲಿ 5 ಕಿಲೋ ಹಿಡಿದರೆ ಸ್ನಾಯು 40 ಕಿಲೋದಷ್ಟು ಎಳೆಯಬೇಕು! ಇಟಲಿಯ ಬೊರೆಲ್ಲಿ 17ನೆಯ ಶತಮಾನದಲ್ಲೇ ಮೂಳೆಯನ್ನು ಸನ್ನೆಗೋಲೆಂದು ಕಂಡು ಇಂಥ ಲೆಕ್ಕ ಹಾಕಿದ್ದ. ಇಂದು ಕಂಪ್ಯೂಟರಿನಲ್ಲಿ ಮೂಳೆಗಳನ್ನು ಸರಳುಗಳಾಗಿ, ಸ್ನಾಯುಗಳನ್ನು ಹಗ್ಗಗಳಾಗಿ ಕಟ್ಟಿ, ಗಾಲಿಕುರ್ಚಿ ತಳ್ಳುವವರ ಭುಜಕ್ಕೆ ಎಷ್ಟು ಪೆಟ್ಟು ಎಂದು ಅಳೆಯುತ್ತಾರೆ. ಭುಜವೆಂಬುದು ನಡೆಯಲು ಮಾಡಿದ ಕೀಲಲ್ಲ. ವರ್ಷಗಟ್ಟಲೆ ಗಾಲಿ ತಳ್ಳಿದವರಲ್ಲಿ ಭುಜನೋವು ಸಾಮಾನ್ಯ. ಚಿಕ್ಕ ಚಿಕ್ಕ ತಳ್ಳುಗಳಿಗಿಂತ ಉದ್ದನೆಯ, ನಿಧಾನದ ತಳ್ಳು ಲೇಸು ಎಂಬ ಸಲಹೆ ಇಂಥ ಅಳತೆಗಳಿಂದಲೇ ಬಂದದ್ದು.

ಅಲ್ಲಿಂದ ಹನ್ನೆರಡು ಕಿಲೋಮೀಟರ್ ಬೆಂಗಳೂರಿನ ಕಡೆಗೆ ಬಂದರೆ ರಾಮನಗರ. ಊರಾಚೆಯ ರಾಮದೇವರ ಬೆಟ್ಟ 2012ರಿಂದ ರಣಹದ್ದುಗಳ ಧಾಮ. ಬಂಡೆಯ ಮೆಟ್ಟಿಲು ಹತ್ತುವ ಹಿರಿಯರ ಕೈಯ ಕೋಲನ್ನು ಗಮನಿಸಿ. ನೋಯುವ ಕಾಲಿನ ಪಕ್ಕದಲ್ಲೇ ಕೋಲು ಹಿಡಿದವರು ಎಷ್ಟೋ ಮಂದಿ. ತಪ್ಪು! ಒಂಟಿ ಕಾಲಿನ ಮೇಲೆ ನಿಂತ ಗಳಿಗೆಯಲ್ಲಿ ಸೊಂಟದ ಕೀಲಿನ ಮೇಲೆ ಮೈತೂಕದ ಎರಡೂವರೆ ಪಟ್ಟಿನಷ್ಟು ಒತ್ತಡ ಬೀಳುತ್ತದೆ. ಬಲಸೊಂಟ ನೋಯುತ್ತಿದ್ದರೆ ಕೋಲು ಎಡಗೈಯಲ್ಲಿರಬೇಕು. ಕೀಲಿನಿಂದ ಕೈ ದೂರವಾದಷ್ಟೂ ಸಣ್ಣ ಒತ್ತು ದೊಡ್ಡ ಭಾರ ಇಳಿಸುತ್ತದೆ. ಕೈ ಇಳಿಬಿಟ್ಟಾಗ ಮಣಿಕಟ್ಟಿನ ಗೆರೆಗೆ ಹಿಡಿ ಬಂದರೆ ಎತ್ತರ ಸರಿ.

'ಶೋಲೆ' (1975) ತೆಗೆದದ್ದು ಈ ಬಂಡೆಗಳ ನಡುವೆಯೇ. ಎರಡೂ ಕೈ ಕಳೆದುಕೊಂಡ ಠಾಕೂರನನ್ನು ಯಾರು ಮರೆತಾರು! ತೋಳು ಬೀಸದೆ ನಡೆದರೆ ಮೈ ಶೇ. 12ರಷ್ಟು ಹೆಚ್ಚು ಶಕ್ತಿ ವ್ಯಯಿಸುತ್ತದೆಂದು ಸ್ಟೀವನ್ ಕಾಲಿನ್ಸ್ ಮತ್ತು ಸಂಗಡಿಗರು 2009ರಲ್ಲಿ ತೋರಿಸಿದರು. ಸುಮ್ಮನೆ ನಡೆಯುವಾಗಲೂ ಕೈ ಕೆಲಸ ಮಾಡುತ್ತಲೇ ಇರುತ್ತದೆಯೆಂದಾಯಿತು.

ಗಾಲಿಕುರ್ಚಿಯವರಿಗೆ ಈ ಮೆಟ್ಟಿಲು ದೂರದ ಮಾತು. ಕನಕಪುರದಾಚೆಯ ಸಂಗಮದಲ್ಲಿ ಮೆಟ್ಟಿಲಿನ ಬದಲು ನದಿಯ ಮರಳು. ಕುರ್ಚಿಯ ಪುಟ್ಟ ಮುಂಗಾಲಿ ಅದರಲ್ಲಿ ಹೂತರೆ ಎಂಥ ತೋಳೂ ಸೋಲುತ್ತದೆ. ಮಾಗಡಿಯ ಸಾವನದುರ್ಗದ ನುಣುಪು ಬಂಡೆಯ ಮಾತಂತೂ ಬೇಡವೇ ಬೇಡ.

ಬೆಟ್ಟ, ಹೊಳೆ ಹಾಗಿರಲಿ. ಊರೊಳಗಿನ ಶಾಲೆಯ ಜಗಲಿಯ ಲೆಕ್ಕವನ್ನು ಮಕ್ಕಳೇ ಮಾಡಬಹುದು. ಕುರ್ಚಿಯೂ ಕೂತವರೂ ಸೇರಿ 84 ಕಿಲೋ ಎನ್ನಿ. ಅಡಿ ಎತ್ತರಕ್ಕೆ 12 ಅಡಿ ಉದ್ದದ ಇಳಿಜಾರಿನಲ್ಲಿ ಜಾರದೆ ನಿಲ್ಲಲೇ 7 ಕಿಲೋದಷ್ಟು ಬಲ ಬೇಕು. ಸಿಮೆಂಟು ಉಳಿಸಲು ಅದನ್ನೇ 6 ಅಡಿಗೆ ಇಳಿಸಿದರೆ ಸುಮಾರು 14 ಕಿಲೋ. ಮೇಲಕ್ಕೆ ಹೋಗಬೇಕಾದರೆ ಇನ್ನೂ ಹೆಚ್ಚು. ಕೈ ಗಾಲಿ ಬಿಟ್ಟು ಮತ್ತೆ ಹಿಡಿಯುವಷ್ಟರಲ್ಲಿ ಕುರ್ಚಿ ಹಿಂದೆ ಸರಿಯುತ್ತದೆ. ಒಂದೂವರೆ ಅಡಿ ಜಗಲಿಗೆ 18 ಅಡಿ ಇಳಿಜಾರು ಬೇಕೇ ಬೇಕು. ಅಂಗಳ ಚಿಕ್ಕದಾದರೆ ನಡುವೆ ಸಮತಟ್ಟು ಬಿಟ್ಟು ತಿರುಗಿಸಿಕೊಳ್ಳಬಹುದು. ಅಳೆಯಲು ಟೇಪು, ಒಂದು ಜೊತೆ ಚುರುಕು ಕಣ್ಣು ಸಾಕು.