ಹೊಲ ಹಿತ್ತಲಿಗೆ ಹತ್ತಿಕೊಂಡಿದ್ದಾಗ

ಅಥಣಿಯ ಅಂಚಿನಲ್ಲಿದ್ದ ನಮ್ಮ ಮನೆಯ ಹಿತ್ತಲಿಗೂ ಆಚೆಯ ಎರೆಹೊಲಕ್ಕೂ ನಡುವೆ ಇದ್ದದ್ದು ಒಂದು ಜಾಲಿ ಮುಳ್ಳಿನ ಬೇಲಿ. ಹಕ್ಕಿಗಳು ಅದನ್ನು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಹೊಲದಲ್ಲಿ ಉಂಡು, ಹಿತ್ತಲಲ್ಲಿ ನೀರು ಕುಡಿದು, ಮ್ಯಾಳಗಿಯ ಜಂತಿ ಸಂದಿಯಲ್ಲಿ ಮಲಗುವುದು ಗುಬ್ಬಿಗಳ ದಿನಚರಿ. ಬಚ್ಚಲ ನೀರು ಹರಿಯುವಲ್ಲಿ ಅವ್ವ ಬಾಳೆ, ಗುಲಬಾಕ್ಷಿ ಹಚ್ಚಿದ್ದಳು. ಸಂಜೆ ಗುಲಬಾಕ್ಷಿ ಅರಳುವ ಹೊತ್ತಿಗೆ ಬೇವಿನ ಗಿಡದಲ್ಲಿ ಗಿಳಿ, ಗೊರವಂಕಗಳ ಗದ್ದಲ ಏಳುತ್ತಿತ್ತು. ಪಡಸಾಲೆಯಲ್ಲಿ ಕೂತವರು ದನಿ ಏರಿಸಿ ಮಾತಾಡಬೇಕು.

ಹಿಂಗಾರಿ ಬಿಳಿಜೋಳ ಹಾಲುದೆನೆಯಾದಾಗ ಬರುತ್ತಿದ್ದ ಗುಲಾಬಿ ಕಬ್ಬಕ್ಕಿಗಳನ್ನು ನಾನು ಹೇಗೆ ಮರೆಯಲಿ? ಕರಿ ತಲೆ, ಕರಿ ರೆಕ್ಕೆ, ನಡುವೆ ತೆಳುಗುಲಾಬಿ ಮೈ. ಮಧ್ಯ ಏಷ್ಯಾದ ಬಯಲುಗಳಲ್ಲಿ ಮರಿ ಮಾಡಿ, ಚಳಿಗಾಲ ಕಳೆಯಲು ನಮ್ಮ ಸೀಮೆಗೆ ಇಳಿಯುವ ಹಕ್ಕಿ ಅದು. ಸಾವಿರಗಟ್ಟಲೆ ಒಮ್ಮೆಲೇ ಎದ್ದು, ಒಮ್ಮೆಲೇ ಹೊರಳಿ, ಒಮ್ಮೆಲೇ ತೆನೆಗಳ ಮೇಲೆ ಕೂಡುತ್ತಿದ್ದವು. ಅಟ್ಟಣಿಗೆ ಏರಿದವರು ಕವಣೆ ಬೀಸುವರು. ಆಯಿ ಮಾತ್ರ, ‘ಹೊಟ್ಟಿಗಷ್ಟ ತಿಂತಾವ, ಕಟಗೊಂಡು ಹೋಗೂದಿಲ್ಲ ಬಿಡು’ ಎನ್ನುತ್ತಿದ್ದಳು. ರಾಶಿ ಮುಗಿದ ಮೇಲೆ ಆರಿಸಿದ ತೆನೆಗಳ ಒಂದು ಗೊಂಚಲನ್ನು ಗುಬ್ಬಿಗೆಂದು ಅವಳೇ ಮಾಡಿಗೆ ಕಟ್ಟುತ್ತಿದ್ದಳು.

ಬಾವಿಯ ಮೇಲೆ ಬಾಗಿದ ಜಾಲಿಯಲ್ಲಿ ಗೀಜಗನ ಗೂಡುಗಳಿದ್ದವು. ಗಂಡುಹಕ್ಕಿ ಗೂಡು ಅರ್ಧ ಹೆಣೆದು ರೆಕ್ಕೆ ಬಡಿದು ಕರೆಯುತ್ತದೆ. ಹೆಣ್ಣು ಬಂದು ನೋಡಿ ಒಪ್ಪಿದರೆ ಮುಂದಿನ ಕೆಲಸ. ಮಳೆಗಾಲದ ಮುಂಜಾವುಗಳನ್ನು ನಾನು ಬಾವಿಕಟ್ಟೆಯ ಮೇಲೆ ಕೂತು ಈ ಒಪ್ಪಿಗೆಗೆ ಕಾಯುತ್ತ ಕಳೆದಿದ್ದೇನೆ.

ಕೃಷ್ಣೆಯ ದಂಡೆಯ ಉಗಾರದಲ್ಲಿ ಸಕ್ಕರೆ ಕಂಪನಿ ಸ್ಥಾಪನೆಯಾದದ್ದು 1939ರಲ್ಲಿ. ನದಿದಂಡೆಗೆ ಕಬ್ಬು ಹಳೆಯ ಬೆಳೆ. ಕೃಷ್ಣೆಯ ನೀರು ಪೈಪು, ಕಾಲುವೆ ಹಿಡಿದು ಮೇಲಿನ ಎರೆಗೆ ಬಂದ ಮೇಲೆ ನಮ್ಮ ಬೇಲಿಯಾಚೆಗೂ ಕಬ್ಬು ನಿಂತಿತು. ಒಕ್ಕಲಿಗನ ಕೈಗೆ ನಾಲ್ಕು ಕಾಸು ಬಂದದ್ದು ಒಳ್ಳೆಯದೇ, ಅದನ್ನು ನಾನು ಅಲ್ಲಗಳೆಯಲಾರೆ. ಕಬ್ಬಿನ ಗರಿ ಸೀಳಿ ಗೀಜಗ ಗೂಡನ್ನೇನೋ ಹೆಣೆಯಿತು. ಆದರೆ ಕಬ್ಬು ನೂಲು ಕೊಟ್ಟಿತು, ಕಾಳು ಕೊಡಲಿಲ್ಲ. ಕಟಾವಿನ ನಂತರ ರವದಿಗೆ ಬೆಂಕಿ ಹಚ್ಚಿದರೆ ಕೆಂಬೂತಗಳು ಹೊಗೆಯೊಳಗಿಂದ ಎದ್ದು ನಮ್ಮ ನುಗ್ಗೆ ಗಿಡಕ್ಕೆ ಬಂದು ಕೂಡುತ್ತಿದ್ದವು.

ಆಮೇಲೆ ಹೊಲ ಕೃಷಿಯೇತರ, ಅಂದರೆ ಎನ್‌ಎ ಆಯಿತು, ಪ್ಲಾಟುಗಳ ಕಲ್ಲು ಬಿದ್ದವು. ಅವ್ವ ತೀರಿಕೊಂಡ ವರ್ಷವೇ ಬಾವಿ ಮುಚ್ಚಿತು, ಜಾಲಿಯೂ ಹೋಯಿತು. ಖಾಲಿ ಪ್ಲಾಟುಗಳಲ್ಲಿ ಈಗ ಅರಳುವುದು ಕಾಂಗ್ರೆಸ್ ಕಸದ ಬಿಳಿ ಹೂವು. 1950ರ ದಶಕದಲ್ಲಿ ಪುಣೆಯ ಕಡೆ ಕಾಣಿಸಿಕೊಂಡ ಈ ಪರದೇಶಿ ಗಿಡ ತುಂಬೆಯನ್ನೂ ಕರಕಿಯನ್ನೂ ಒತ್ತರಿಸಿ ಬೆಳೆಯುತ್ತದೆ. ದೀಪಾವಳಿಯ ಪಾಡ್ಯದ ದಿನ ಸಗಣಿಯ ಪಾಂಡವರಿಗೆ ಏರಿಸಲು ಉತ್ತರಾಣಿ ಕಡ್ಡಿ, ಹೊನ್ನಂಬರಿ ಹೂವು ಬೇಕು. ಮೊದಲು ಅವ್ವ ‘ಹಿತ್ತಲಕ ಹೋಗಿ ತಗೊಂಬಾ’ ಅಂದರೆ ಸಾಕಿತ್ತು. ಈಗ ಪೇಟೆಯಲ್ಲಿ ರೊಕ್ಕ ಕೊಟ್ಟು ಕಟ್ಟು ತರುತ್ತೇವೆ. ನಮ್ಮ ಹಬ್ಬ ಬೇಲಿಯ ಕಸವನ್ನೇ ನೆಚ್ಚಿತ್ತೆಂಬುದು ಬೇಲಿ ಹೋದ ಮೇಲೆ ನನಗೆ ತಿಳಿಯಿತು.

ಹಕ್ಕಿಗಳು ಪೂರ್ತಿ ಬಿಟ್ಟು ಹೋಗಿಲ್ಲ. ದಾಸವಾಳಕ್ಕೆ ಸೂರಕ್ಕಿ ಬರುತ್ತದೆ. ಪಿಕಳಾರ ಕುಂಡದ ಗಿಡದಲ್ಲೂ ಗೂಡು ಕಟ್ಟುತ್ತದೆ. ಅವುಗಳ ಋಣ ನನ್ನ ಮೇಲಿದೆ. ಆದರೂ ಗುಬ್ಬಿಯಿಲ್ಲದ ಮನೆ ನನಗೆ ಬಿಕೋ ಅನಿಸುತ್ತದೆ. ಮಾರ್ಚ್ 20ರ ಗುಬ್ಬಿ ದಿನಕ್ಕೆ ನೀರಿನ ಬಟ್ಟಲು ಇಡುವವರು ಬಹಳ ಮಂದಿ ಇದ್ದಾರೆ, ಇಡಲಿ. ಆದರೆ ದೊಡ್ಡ ಗುಬ್ಬಿ ಕಾಳು ತಿಂದರೂ ಕಣ್ಣು ಬಿಡದ ಮರಿಗೆ ಹುಳವೇ ಬೇಕು. ಫರಸಿ ಹಾಸಿ ಕಳೆನಾಶಕ ಹೊಡೆದ ಅಂಗಳದಲ್ಲಿ ತಾಯಿಗುಬ್ಬಿ ಹುಳವನ್ನು ಎಲ್ಲಿಂದ ತರಬೇಕು?

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಕಾಗವಾಡಗಳಲ್ಲಿ ಹೊಸ ಮನೆ ಕಟ್ಟಿಸುತ್ತಿರುವವರಲ್ಲಿ ನನ್ನದೊಂದು ಬೇಡಿಕೆ. ಕಂಪೌಂಡಿನೊಳಗೆ ಒಂದು ಮೂಲೆಗೆ ಸಿಮೆಂಟು ಹಾಕಿಸಬೇಡಿ. ಅಲ್ಲಿ ಒಂದು ಹಿಡಿ ಬಿಳಿಜೋಳ ಚೆಲ್ಲಿ, ತಾನಾಗಿ ಹುಟ್ಟಿದ ಉತ್ತರಾಣಿಯನ್ನು ಕೀಳದೆ ಬಿಡಿ, ಜೋಳದ ತೆನೆಗಳನ್ನು ಕೊಯ್ಯಬೇಡಿ.